ಮುಂದಿನ ಸೀಟಿನ ನೀರು

ಅಮ್ಮ ಇವತ್ತು ಕಾರು ಹತ್ತಿಯೇ ಇರಲಿಲ್ಲ. ಆದರೂ ಅವಳು ಕೂರುವ ಮುಂದಿನ ಸೀಟಿನ ಎದುರು, ಕಾಲಿಡುವ ಜಾಗದಲ್ಲಿ, ಕಾರ್ಪೆಟ್ ತೊಯ್ದು ತೊಪ್ಪೆಯಾಗಿತ್ತು.

ಅಪ್ಪ ಆಗಷ್ಟೇ ಒಬ್ಬನೇ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದ. ಮಗಳು ಬಗ್ಗಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ, ಕೈಯನ್ನು ಮೂಗಿನ ಹತ್ತಿರ ತಂದಳು. ಬರೀ ತಣ್ಣೀರು. ಇಲ್ಲಿ ಒದ್ದೆ ಕಂಡ ಮೊದಲ ದಿನವೇ ಮೂಸಿ ನೋಡಬೇಕಿತ್ತು. ಆದರೆ ಅವಳು ವಯಸ್ಸಾದವರ ವಾರ್ಡಿನ ನರ್ಸು. ಮುದುಕರು ಕೂತೆದ್ದ ಕಡೆ ಒದ್ದೆ ಕಂಡರೆ ತಲೆ ಒಂದೇ ಕಡೆ ಓಡುತ್ತದೆ. ಯಾರಿಗೂ ಹೇಳದೆ ಆಸ್ಪತ್ರೆಯಿಂದ ಒಂದು ನೀಲಿ ರಬ್ಬರ್ ಶೀಟು ತಂದು ಅಮ್ಮನ ಸೀಟಿಗೆ ಹಾಸಿ, ಮೇಲೊಂದು ಟವೆಲ್ ಮುಚ್ಚಿದ್ದಳು. ಅಮ್ಮ ಟವೆಲ್ಲಿನ ಅಂಚು ಎತ್ತಿ ನೋಡಿದ್ದಳು. ಆಮೇಲೆ ಕಾರು ಹತ್ತುವುದನ್ನೇ ಬಿಟ್ಟಳು. ಒಮ್ಮೆ ಮಂಡಿನೋವು, ಒಮ್ಮೆ ತಲೆಸುತ್ತು. ತನ್ನ ಸ್ವಂತ ತಂಗಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಪಟ್ಟಿ ಕಟ್ಟಿಕೊಂಡು ಕೂತಿದ್ದರೂ, ಅವಳನ್ನು ನೋಡೋಕೆ ಇವತ್ತು “ನೀವಿಬ್ರೇ ಹೋಗ್ಬನ್ನಿ” ಅಂದುಬಿಟ್ಟಿದ್ದಳು.

“ಅಪ್ಪಾ, ಇದು ಎಸಿ ನೀರು.”

“ನನ್ ಬಸ್ಸಲ್ಲಿ ಎಸಿ ಎಲ್ಲಿತ್ತು, ನಂಗೆ ಗೊತ್ತಾಗೋಕೆ?” ಅಂದ ಅಪ್ಪ. ಜೀವಮಾನವೆಲ್ಲ ಬಸ್ಸು ಓಡಿಸಿದವನು. ಆದರೂ ಎಸಿ ಹಾಕಿ ಎಂಜಿನ್ನನ್ನು ಒಂದಷ್ಟು ಹೊತ್ತು ಓಡಲು ಬಿಟ್ಟ. ಕಾರಿನ ಕೆಳಗೆ ನೆಲ ಒಣಗಿಯೇ ಇತ್ತು. “ಹೊರಗೆ ಬೀಳ್ಬೇಕಾದ್ದು ಒಳಗೆ ಬೀಳ್ತಿದೆ. ಪೈಪ್ ಕಟ್ಕೊಂಡಿದೆ.” ಎಂಜಿನ್ ಆರಿಸಿ, ಮುಂದಿನ ಚಕ್ರಗಳು ಗೇಟಿನ ಏರಿನ ಮೇಲಿರುವಂತೆಯೇ ಹಿಂದಿನವಕ್ಕೆ ಕಲ್ಲು ಕೊಟ್ಟು, ನ್ಯೂಸ್‌ಪೇಪರ್ ಹಾಸಿಕೊಂಡು ಕೆಳಗೆ ತೂರಿದ. ಹೆಬ್ಬೆರಳಿನಷ್ಟು ದಪ್ಪದ ರಬ್ಬರ್ ಪೈಪು ಸಿಕ್ಕಿತು. ತಂತಿ ತೂರಿಸಿದರೆ ಸ್ವಲ್ಪ ಹೋಗಿ ನಿಂತಿತು.

“ಮೆತ್ತಗಿದೆ ಕಣೆ ಪುಟ್ಟಿ, ದಿಂಬು ಚುಚ್ಚಿದ ಹಾಗೆ. ತಳ್ಳಿದ್ರೆ ಇನ್ನೂ ಒಳಗೆ ಹೋಗುತ್ತೆ. ಕೊಕ್ಕೆ ಇರೋದು ಏನಾದ್ರೂ ಕೊಡು.”

ಕೊಕ್ಕೆಯ ಕಡ್ಡಿ ಇದ್ದದ್ದು ಅಮ್ಮನ ಹೆಣಿಗೆ ಚೀಲದಲ್ಲಿ. ಚೀಲ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು, ಅಮ್ಮ ಕಾರು ಹತ್ತುವುದು ಬಿಟ್ಟ ದಿನದಿಂದ. ಅವಳು ಹೆಣೆಯುತ್ತಿದ್ದದ್ದು ಕಾರಿನಲ್ಲಿ ಮಾತ್ರ. “ಮನೇಲಿ ಕೂತ್ರೆ ಕೆಲಸ ಕರೆಯುತ್ತೆ, ಕಾರಲ್ಲಿ ಕರೆದ್ರೂ ಕೇಳ್ಸಲ್ಲ” ಅನ್ನುತ್ತಿದ್ದಳು. ಬೇಸಿಗೆ ರಜೆಯಲ್ಲಿ ಎಲ್ಲಿಗೇ ಹೊರಡಲಿ, ಉಲ್ಲನ್ ಉಂಡೆ ಅವಳ ಪಾದಗಳ ನಡುವೆ ಕುಣಿಯುತ್ತಿತ್ತು. ಎಷ್ಟೋ ಸಲ ಸೀಟಿನ ಕೆಳಗಿಂದ ಉರುಳಿ ಹಿಂದೆ ಬರುತ್ತಿತ್ತು. ಅದನ್ನು ಹಿಡಿದು ವಾಪಸ್ ಕೊಡುವುದು ಮಗಳ ಕೆಲಸ. ಕಾರು ಎಗರಿದಾಗಲೆಲ್ಲ ಅಮ್ಮ ಕೂಗುತ್ತಿದ್ದಳು: “ಎರಡು ಕುಣಿಕೆ ಜಾರ್‍ತು ರೀ, ನಿಮ್ ಹಳ್ಳದಿಂದ!” “ಹಳ್ಳ ನಾನು ತೋಡಿದ್ನಾ?” ಎಂದು ಅಪ್ಪ. ಬೇಸಿಗೆಯ ಈ ಜಗಳದಲ್ಲೇ ಚಳಿಗಾಲದ ಸ್ವೆಟರು ತಯಾರಾಗುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

“ಅಮ್ಮ, ಕೊಕ್ಕೆ ಕಡ್ಡಿ ಬೇಕಿತ್ತು. ಕಾರಿಗೆ.”

“ಕಾರು ಸ್ವೆಟರ್ ಹಾಕ್ಕೊಳ್ಳುತ್ತಾ?” ಕೈ ಒರೆಸಿಕೊಂಡು ಅವಳೇ ತೆಗೆದುಕೊಟ್ಟಳು. “ನಿಮ್ಮಪ್ಪನ ಕೈಗೆ ಕೊಡ್ತಿದೀಯ. ತುದಿ ಮುರಿದ್ರೆ ನೋಡು.” ಕಡ್ಡಿಯ ಚಿಂತೆಗೋ ಏನೋ ಹೊಸ್ತಿಲವರೆಗೆ ಬಂದು ನಿಂತಳು.

ಕಾರಿನ ಕೆಳಗಿಂದ ಉಸ್ಸೆನ್ನುವ ಸದ್ದು, ಆಮೇಲೆ ಬೈಗುಳ, ಆಮೇಲೆ “ಅಯ್ಯಯ್ಯೋ!” ಇಲಿಬಾಲದಂಥ ಬೂದು ಬತ್ತಿಯೊಂದು ಕೊಕ್ಕೆಗೆ ಸಿಕ್ಕಿ ಹೊರಬಂತು. ಅದರ ಹಿಂದೆಯೇ ನೀರು ದಬದಬನೆ ಅಪ್ಪನ ಮುಖದ ಮೇಲೆ ಸುರಿಯಿತು.

ಮಗಳು ಬತ್ತಿಯನ್ನು ನಲ್ಲಿಗೆ ಹಿಡಿದು ಉಗುರಿನಿಂದ ಬಿಡಿಸಿದಳು. ಧೂಳು ಹೋದಂತೆ ಬಣ್ಣ ಕಂಡಿತು. ಗಾಢ ನೀಲಿ, ಅವಳ ಸ್ಕೂಲಿನ ಸ್ವೆಟರು. ಅಪ್ಪನ ರಾತ್ರಿಪಾಳಿಯ ಕಂದು ಮಫ್ಲರು. ನರ್ಸಿಂಗ್ ಕಲಿಯಲು ಹೋದಾಗ ಹೆಣೆದುಕೊಟ್ಟಿದ್ದ ಕಡುಗೆಂಪು. ಬಣ್ಣ ಚೆನ್ನಾಗಿಲ್ಲವೆಂದು ಅವಳು ಅದನ್ನು ಹಾಕಿಕೊಂಡಿರಲೇ ಇಲ್ಲ.

“ನಿನ್ ಉಲ್ಲನ್ ಕಣೇ ಇದು!” ಅಪ್ಪ ಎದ್ದು ಹೊಸ್ತಿಲ ಕಡೆ ತಿರುಗಿ ಮುಖ ಒರೆಸಿಕೊಂಡ. “ನಿನ್ ಕಾಲ ಹತ್ರಾನೇ ಎಸಿ ಗಾಳಿ ಎಳ್ಕೊಳ್ಳುತ್ತೆ. ಉದುರಿದ ನೂಲೆಲ್ಲ ಒಳಗೆ ಹೋಗಿ ಪೈಪಿಗೆ ಬಿರಡೆ ಹಾಕಿದೆ.”

ಅಮ್ಮ ಮೆಟ್ಟಿಲಿಳಿದು ಬಂದಳು. ಕಾರಿನ ಕೆಳಗಿಂದ ನೀರು ಇಳಿಜಾರು ಹಿಡಿದು ಅವಳ ಪಾದದವರೆಗೂ ಹರಿದು ಬಂತು. ಅವಳು ಕಾಲು ಹಿಂದೆ ತೆಗೆಯಲಿಲ್ಲ.

“ಅಷ್ಟೂ ಕಾರಿಂದೇನಾ?”

“ಮತ್ತಿನ್ಯಾರ್ದು?” ಅಂದ ಅಪ್ಪ. ಶೀಟಿನ ವಿಷಯ ಅವನಿಗೆ ಗೊತ್ತಿರಲಿಲ್ಲ.

ಅಮ್ಮ ಮಗಳ ಕಡೆ ನೋಡಿದಳು. ಅಮ್ಮ ಕಾರಿನ ಬಾಗಿಲು ತೆಗೆದು, ಟವೆಲ್ ಸರಿಸಿ, ನೀಲಿ ಶೀಟನ್ನು ಎಳೆದು, ನೀಟಾಗಿ ಮಡಿಸಿ ಮಗಳ ಕೈಗಿಟ್ಟಳು.

“ವಾರ್ಡಿಗೆ ವಾಪಸ್ ಕೊಡು. ಬೇಕಾದವ್ರು ಇರ್ತಾರೆ.”

ಒಳಗೆ ಹೋದವಳು ಬಟ್ಟೆ ಬದಲಿಸಿ, ಹೆಣಿಗೆ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಒದ್ದೆ ಕಾರ್ಪೆಟ್ಟಿನ ಮೇಲೆ ಪೇಪರ್ ಹಾಸಿ, ಕಾಲಿಟ್ಟು, ಮುಂದಿನ ಸೀಟಿನಲ್ಲಿ ಆರಾಮವಾಗಿ ಕೂತಳು. ಸೂಜಿಗಳು ಹೊರಬಂದವು.

“ಮತ್ತೆ ಶುರು ಮಾಡಿದ್ಯಾ? ಮತ್ತೆ ಕಟ್ಕೊಳ್ಳುತ್ತೆ ಕಣೇ,” ಅಂದ ಅಪ್ಪ ಕೀಲಿ ತಿರುಗಿಸುತ್ತ.

“ಕಟ್ಕೊಳ್ಳಲಿ ಬಿಡಿ.” ಅಮ್ಮ ಕುಣಿಕೆ ಎಣಿಸುತ್ತಿದ್ದಳು, ತಲೆ ಎತ್ತಲಿಲ್ಲ. “ನೀರು ಯಾರ್ದು ಅಂತ ಈಗ ಗೊತ್ತಾಯ್ತಲ್ಲ.”