ಹೇಳಿ ಕಳಿಸಿದ ಮಾತು

ದೊಡ್ಡವನು ಹೊಸ ಆಯಿಲ್ ಡಬ್ಬಿ ಹಿಡಿದುಕೊಂಡು ಮನೆ ಮುಂದೆ ಬಂದಾಗ ಟ್ಯಾಕ್ಸಿ ಇರಲಿಲ್ಲ. ಕಾರಿನ ಅಡಿಗೆ ಅವನೇ ಇಟ್ಟುಹೋಗಿದ್ದ ಪ್ಲಾಸ್ಟಿಕ್ ಬೇಸಿನ್ ಮಾತ್ರ ಇತ್ತು, ಅದೂ ಅಪ್ಪಚ್ಚಿಯಾಗಿ. ಚಕ್ರ ಅದರ ಮೇಲೇ ಹತ್ತಿ ಇಳಿದಿತ್ತು. ಒಂದು ಗಂಟೆ ಹಿಂದೆ ಇಂಜಿನ್ನಿನಿಂದ ಇಳಿಸಿದ್ದ ಕಪ್ಪು ಆಯಿಲೆಲ್ಲ ನೆಲಕ್ಕೆ ಚೆಲ್ಲಿ, ಅಲ್ಲಿಂದ ರಸ್ತೆಯವರೆಗೂ ಟೈರಿನ ಗುರುತು ಮೂಡಿತ್ತು. ಆಯಿಲೇ ಇಲ್ಲದ ಕಾರನ್ನು ಯಾರೋ ಓಡಿಸಿಕೊಂಡು ಹೋಗಿದ್ದರು. ಯಾರೋ ಏನು ಬಂತು, ಆ ಕಾರಿಗೆ ಇದ್ದವರೇ ಇಬ್ಬರು ಡ್ರೈವರುಗಳು. ಒಬ್ಬ ಇಲ್ಲಿ ಡಬ್ಬಿ ಹಿಡಿದು ನಿಂತಿದ್ದ, ಇನ್ನೊಬ್ಬ ಅವನ ತಮ್ಮ.

ಮಧ್ಯಾಹ್ನದವರೆಗೆ ಅಣ್ಣ, ಆಮೇಲೆ ತಮ್ಮ, ಹೀಗೆ ಆ ಒಂದು ಟ್ಯಾಕ್ಸಿ ಅಮ್ಮನೂ ಸೇರಿ ಮೂವರ ಹೊಟ್ಟೆ ತುಂಬಿಸುತ್ತಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟು ಮಾತ್ರ ಆರು ವರ್ಷ. ಕಾರಣ ಕೇಳಿದರೆ ಇಬ್ಬರೂ ಬೇರೆ ಬೇರೆ ಕಥೆ ಹೇಳುತ್ತಿದ್ದರು. ಟೈರು ಸವೆದಿದೆ, ಬ್ರೇಕು ಹಿಡಿಯುತ್ತಿಲ್ಲ, ಪೇಟೆ ರಸ್ತೆಯಲ್ಲಿ ಪೊಲೀಸರು ನಿಂತಿದ್ದಾರೆ, ಏನೇ ಇದ್ದರೂ ಅಮ್ಮನ ಬಾಯಿಂದಲೇ ಈ ಕೋಣೆಯಿಂದ ಆ ಕೋಣೆಗೆ ಹೋಗಬೇಕು. ಮಧ್ಯೆ ಒಂದು ಗೋಡೆ, ಅಷ್ಟೇ. ಒಬ್ಬ ಕೆಮ್ಮಿದರೆ ಇನ್ನೊಬ್ಬನಿಗೆ ಕೇಳುತ್ತಿತ್ತು. ಎಂಥಾ ಹಟವೋ ಏನೋ.

ಇವತ್ತೂ ಹಾಗೇ ಆಗಿತ್ತು. ಇಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಿ, ನಟ್ ಬಿಗಿದು, ಕೈ ಒರೆಸಿಕೊಳ್ಳುತ್ತ ದೊಡ್ಡವನು ಅಮ್ಮನ ಹತ್ತಿರ ಬಂದಿದ್ದ. ಅವಳು ಬಾಗಿಲಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ಇಂಜಿನ್ನಲ್ಲಿ ಆಯಿಲ್ ಇಲ್ಲ. ನಾನು ತಂದು ಹಾಕೋವರೆಗೂ ಗಾಡಿ ಮುಟ್ಟಬಾರದು ಅಂತ ನಿನ್ನ ಮಗನಿಗೆ ಹೇಳು.”

“ನೀನೇನು ಪಕ್ಕದ ಮನೆಯವನಾ? ಅವನು ಒಳಗೇ ಮಲಗಿದಾನೆ. ನಿನಗೆ ಬಾಯಿಲ್ವಾ?”

“ನೀನೇ ಹೇಳಮ್ಮ.”

ಹೂಂ, ಏಳಲಿ, ಹೇಳುತ್ತೇನೆ ಎಂದು ಅಮ್ಮ ನಕ್ಕು ದಾರ ಕಚ್ಚಿದ್ದಳು. ಕೀ ಮೊಳೆಗೆ ತೂಗುತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಹೋಗಬಹುದಿತ್ತು. ಆದರೆ ಕೀ ಮೊಳೆಯಲ್ಲೇ ಇರಬೇಕು ಎಂದು ಅಮ್ಮ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು. ತೆಗೆದುಕೊಂಡು ಹೋದರೆ ಅದೇ ಇನ್ನೊಂದು ರಾದ್ಧಾಂತವಾಗುತ್ತಿತ್ತು.

ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ಬರಬಹುದಿತ್ತು. ಹೋದ ಸಲ ತಂದ ಆಯಿಲ್ ದಪ್ಪವಾಯಿತು, ಸ್ಟಾರ್ಟ್ ಮಾಡಿದರೆ ಇಂಜಿನ್ ನರಳುತ್ತದೆ ಎಂದು ತಮ್ಮ ಅಮ್ಮನ ಮೂಲಕ ಕೊಂಕು ಕಳಿಸಿದ್ದ. ಅವನು ಹೇಳಿದ್ದು ಸರಿ ಎಂದು ದೊಡ್ಡವನಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಈ ಸಲ ಕಾರಿನ ಜೊತೆ ಬಂದಿದ್ದ ಪುಸ್ತಕವನ್ನೇ ಹಿಡಿದುಕೊಂಡು ಹೋದ. ಹಳೇ ಗಾಡಿಗೆ ದಪ್ಪದ್ದೇ ಸರಿ ಎಂದು ಅಂಗಡಿಯವನು ಎಷ್ಟು ತಲೆ ತಿಂದರೂ ಕೇಳಲಿಲ್ಲ. ಪುಸ್ತಕದಲ್ಲಿದ್ದ ನಂಬರೇ ಬೇಕು ಎಂದು ಮೂರು ಅಂಗಡಿ ಅಲೆದು ಆ ತೆಳು ಆಯಿಲನ್ನೇ ಹುಡುಕಿ ತಂದಿದ್ದ. ಡಬ್ಬಿ ನೋಡಿದರೆ ತಮ್ಮನಿಗೆ ತಾನಾಗಿ ತಿಳಿಯುತ್ತದೆ, ಬಾಯಿಬಿಟ್ಟು ಹೇಳುವುದೇನೂ ಬೇಕಾಗುವುದಿಲ್ಲ ಎಂದು ದಾರಿಯಲ್ಲಿ ಅವನಿಗೆ ಒಳಗೊಳಗೇ ಖುಷಿಯೂ ಆಗಿತ್ತು.

ಎದುರುಮನೆಯ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದ. ನೀನು ಹೋದ ಮೇಲೆ ನಿಮ್ಮಮ್ಮ ಕೂತಲ್ಲೇ ವಾಲಿಬಿಟ್ಟರು, ಬಾಯಿ ಸೊಟ್ಟಗಾಯಿತು, ಮಾತು ಹೊರಡಲಿಲ್ಲ ಎಂದ. ತಾನೇ ಒಳಗೆ ನುಗ್ಗಿ ತಮ್ಮನನ್ನು ಎಬ್ಬಿಸಿದನಂತೆ, ಇಬ್ಬರೂ ಸೇರಿ ಹಿಂದಿನ ಸೀಟಿನಲ್ಲಿ ಮಲಗಿಸಿದರಂತೆ. ಆಸ್ಪತ್ರೆಗೆ ಹೊರಟು ಹತ್ತು ನಿಮಿಷವಾಗಿರಬಹುದು.

ಆಯಿಲ್ ಇಲ್ಲದ ಇಂಜಿನ್ ಎಷ್ಟು ದೂರ ಓಡುತ್ತದೆಂದು ದೊಡ್ಡವನಿಗೆ ಚೆನ್ನಾಗಿ ಗೊತ್ತು. ಆಯಿಲ್ ಮುಗಿದರೆ ಎಚ್ಚರಿಸುವ ಕೆಂಪು ದೀಪ ಕೆಟ್ಟು ಎರಡು ವರ್ಷವಾಗಿತ್ತು. ಅದನ್ನು ಯಾರು ಸರಿ ಮಾಡಿಸಬೇಕು ಎಂಬ ವಾದವೂ ಅಮ್ಮನ ಮೂಲಕವೇ ನಡೆಯುತ್ತಿತ್ತು. ಫೋನ್ ತೆಗೆದರೆ ತಮ್ಮನ ನಂಬರಿಲ್ಲ. ಸಿಟ್ಟಿನಲ್ಲಿ ಎಂದೋ ಅಳಿಸಿ ಹಾಕಿದ್ದ. ಒಳಗೆ ಓಡಿ ಅಮ್ಮನ ಫೋನಿನಿಂದ ಒತ್ತಿದ. ಗೋಡೆಯಾಚೆ, ತಮ್ಮನ ಖಾಲಿ ಹಾಸಿಗೆಯ ಮೇಲೆ ಗಂಟೆ ಹೊಡೆದುಕೊಂಡಿತು.

ಟೈಲರ್ ಸ್ಕೂಟರ್ ತೆಗೆದ. ದೊಡ್ಡವನು ಹಿಂದೆ ಕೂತ, ಡಬ್ಬಿ ಇನ್ನೂ ಕೈಯಲ್ಲೇ ಇದೆ ಎಂಬುದೂ ತಿಳಿಯದೆ. ಆಸ್ಪತ್ರೆಗೆ ಹೋಗುವ ಮೇಲ್ಸೇತುವೆಯ ನಟ್ಟನಡುವೆ ಟ್ಯಾಕ್ಸಿ ನಿಂತಿತ್ತು. ಬಾನೆಟ್ಟಿನಿಂದ ಹೊಗೆ ಬರುತ್ತಿತ್ತು. ತಮ್ಮ ಬರಿಗಾಲಲ್ಲಿ ರಸ್ತೆ ಮಧ್ಯೆ ನಿಂತು ಬರುವ ಗಾಡಿಗಳಿಗೆಲ್ಲ ಕೈ ಮುಗಿಯುತ್ತಿದ್ದ. ಅವು ಹಾರ್ನ್ ಹೊಡೆದು ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ದೊಡ್ಡವನು ಹಿಂದಿನ ಬಾಗಿಲು ತೆಗೆದು ಅಮ್ಮನನ್ನು ಕರೆದ, ಕೆನ್ನೆ ತಟ್ಟಿದ, ಮೂಗಿನ ಹತ್ತಿರ ಬೆರಳು ಹಿಡಿದ. ಮೈ ಬೆಚ್ಚಗೇ ಇತ್ತು, ಉಸಿರಿರಲಿಲ್ಲ. ಅಲ್ಲೇ ಬಾಗಿಲ ಬಳಿ ಟಾರಿನ ಮೇಲೆ ಕುಸಿದು ಕೂತ.

“ಅಣ್ಣಾ, ಇದ್ದಕ್ಕಿದ್ದ ಹಾಗೆ ಇಂಜಿನ್ ಹಿಡ್ಕೊಂಡ್ಬಿಡ್ತು” ಎಂದ ತಮ್ಮ. ಆರು ವರ್ಷದಲ್ಲಿ ಅದೇ ಮೊದಲ ಮಾತು.

“ಆಯಿಲ್ ಇರ್ಲಿಲ್ಲ ಕಣೋ. ನಿನಗೆ ಹೇಳು ಅಂತ ಅಮ್ಮನ ಹತ್ರ ಹೇಳಿದ್ದೆ.”

ತಮ್ಮ ಬಾನೆಟ್ಟನ್ನೊಮ್ಮೆ, ಹಿಂದಿನ ಸೀಟನ್ನೊಮ್ಮೆ ನೋಡಿದ.

“ದಾರಿಯುದ್ದಕ್ಕೂ ನನ್ನ ಅಂಗಿ ಹಿಡಿದು ಎಳೀತಾ ಇದ್ಲು. ಮುಂದೆ ಮುಂದೆ ಕೈ ತೋರಿಸ್ತಿದ್ಲು. ಬೇಗ ಹೋಗು ಅಂತಿದಾಳೆ ಅಂದ್ಕೊಂಡು ನಾನು ಇನ್ನೂ ಜೋರಾಗಿ ಓಡಿಸ್ದೆ, ಅಣ್ಣಾ.”