ಹೊಸಮನಿ ಮಾಸ್ತರರಿಗೆ ಶುಭಾಶಯ

ಆಗೆಲ್ಲ ಅರ್ಧ ಊರಿನ ಎದೆಗಳು ಆಸ್ಪತ್ರೆಯಿಂದ ಬರುವ ಸಂಕೇತಕ್ಕೇ ಬಡಿಯುತ್ತಿದ್ದವು. ಹೊಸಮನಿ ಮಾಸ್ತರರ ಎದೆಯೂ ಅಂಥದ್ದೇ ಯಂತ್ರ. ಅದರ ಬಾಗಿಲಲ್ಲಿ ಫೈರ್‌ವಾಲ್ ಎಂಬ ಕಾವಲಿತ್ತು; ಬಂದ ಪ್ರತಿ ಸಂದೇಶವನ್ನೂ ತಡೆದು, ಯಾರೆಂದು ಕೇಳಿಯೇ ಒಳಗೆ ಬಿಡುತ್ತಿತ್ತು. ಕಾವಲಿನಲ್ಲೊಂದು ದೋಷವಿದೆ, ಒಮ್ಮೆಲೇ ಸಂದೇಶಗಳ ಗುಂಪು ನುಗ್ಗಿದರೆ ಕಂಗೆಡುತ್ತದೆ, ರಿಪೇರಿಯಾಗುವವರೆಗೆ ಜೋಪಾನ ಎಂದು ಆಸ್ಪತ್ರೆಯವರು ಹೇಳಿದ್ದರು.

ಆದರೆ ಅರವತ್ತರ ಹುಟ್ಟುಹಬ್ಬದ ಶುಭಾಶಯವನ್ನು ಫೋನಿಗೆ ಕಳಿಸುವುದು ಆ ಊರಲ್ಲಿ ಅವಮಾನ. ನೇರ ಎದೆಗೇ ಕಳಿಸಬೇಕು. ಹೆಂಡತಿ ನೀಲಮ್ಮ ಸಂಭ್ರಮದಲ್ಲಿ ಎಲ್ಲ ಮರೆತು, ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ "ಆರತಿ ಹೊತ್ತಿಗೆ ಎಲ್ಲಾರೂ ಕಳಸ್ರಿ" ಎಂದು ಬರೆದಿದ್ದಳು.

ಆರತಿ ಎತ್ತಿದೊಡನೆ ಮಾಸ್ತರರ ಎದೆಯ ಮೇಲಿನ ಪುಟ್ಟ ದೀಪ ಮಿಣುಕತೊಡಗಿತು.

"ಬಂದ್ರು ನೋಡ, ನನ್ನ ಹುಡುಗ್ರು," ಎಂದು ನಕ್ಕರು. ನಗುತ್ತಲೇ ಗೋಡೆಗೆ ಒರಗಿದರು. ತುಟಿ ನೀಲಿಗಟ್ಟಿತು.

ನೀಲಮ್ಮ ಆಸ್ಪತ್ರೆಗೆ ಫೋನ್ ಹಚ್ಚಿದಳು.

"ನಾವು ಕಳಸಾಕತ್ತೇವ್ರಿ ಅಮ್ಮಾರ," ಎಂದಳು ನರ್ಸ್. "ಬಾಗಲ್ದಾಗ ಗದ್ದಲ, ನಮ್ಮ ಸಂಕೇತ ಒಳಗ ಹೋಗವಲ್ದು. ಮೊದಲ ಅವ್ರಿಗೆ ನಿಲ್ಲಸಾಕ ಹೇಳ್ರಿ!"

ನೀಲಮ್ಮ ಗ್ರೂಪಿಗೆ ಬರೆದಳು: "ಸರ್ ಎದಿ ನಿಲ್ಲಾಕತ್ತೈತಿ. ಯಾರೂ ಏನೂ ಕಳಸಬ್ಯಾಡ್ರಿ."

ದೀಪದ ಮಿಣುಕಾಟ ನಿಂತಿತು. ಮಾಸ್ತರರು ಕಣ್ಣು ತೆರೆದು, ಒಂದು ಉಸಿರು ಎಳೆದುಕೊಂಡರು.

ಅಷ್ಟರಲ್ಲಿ, ಗುರುಗಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಆ ಮಕ್ಕಳೆಲ್ಲ, ಮೊದಲ ಮಾತು ಓದಿ ಮುಂದಿನದನ್ನು ಓದಲಾರದೆ, ಬೇಗ ಗುಣವಾಗಲೆಂದು ಪ್ರಾರ್ಥನೆ ಕಳಿಸತೊಡಗಿದರು. ನೇರ ಎದೆಗೇ.