ಹೆಣ್ಣು ನೋಡಲು ಹೊರಟ ಕಾರು

ಹೊಸ ಎಲೆಕ್ಟ್ರಿಕ್ ಕಾರು ದಾರಿಯಲ್ಲೇ ನಿಂತುಬಿಟ್ಟಿತ್ತು, ಮೂರು ತಿಂಗಳಲ್ಲಿ ನಾಲ್ಕನೇ ಸಲ. ಗಂಡಿನ ಕಡೆಯವರು ಆಟೊ ಹಿಡಿದು ಹೆಣ್ಣಿನ ಮನೆ ತಲುಪಿದಾಗ ರಾಹುಕಾಲಕ್ಕೆ ಹತ್ತೇ ನಿಮಿಷ ಉಳಿದಿತ್ತು. ಹುಡುಗಿ ಯಾವುದೋ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಎಂದಷ್ಟೇ ಬ್ರೋಕರ್ ಹೇಳಿದ್ದ.

ಹುಡುಗನ ತಾಯಿ ಕೂತಲ್ಲಿ ಕೂರಲಿಲ್ಲ.

"ಚಾರ್ಜ್ ಫುಲ್ ಇತ್ತು ಕಣ್ರೀ! ಆ ಬ್ಯಾಟರಿ ಮಾಡಿದವರ ಕೈ ಸೇದೋಗ!"

"ಅಮ್ಮ, ಸುಮ್ನಿರು," ಎಂದ ಮಗ.

"ಯಾಕೋ ಸುಮ್ನಿರ್ಲಿ? ಎದುರಿಗೆ ಸಿಕ್ಕಿದ್ರೆ ಮುಖಕ್ಕೇ ಹೇಳ್ತಿದ್ದೆ."

ಹುಡುಗಿ ಕಾಫಿ ತಂದಳು. ಮೊದಲ ಲೋಟವನ್ನು ಹುಡುಗನ ತಾಯಿಯತ್ತಲೇ ಚಾಚಿದಳು.

"ಯಾವ ಕಂಪನಿ ಕಾರು ಅಮ್ಮ?"

ಮಗ ಹೆಸರು ಹೇಳಿದ.

"ಹಾಗಿದ್ರೆ ಆ ಬ್ಯಾಟರಿ ಮಾಡಿದ್ದು ಇದೇ ಕೈ. ಕಾಫಿ ತಗೊಳ್ಳಿ ಅಮ್ಮ, ರಾಹುಕಾಲ ಬಂತು."